ಆಕಾಶದಲ್ಲಿ ಬೆಳಕು ಕಂಡೆ ಅಂದವರನ್ನು ಏನು ಕೇಳಬೇಕು?

ಎಲ್ಲರಿಗೂ ನಮಸ್ಕಾರ.

ಲಡಾಖಿನಿಂದ ಶುರು ಮಾಡೋಣ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿಯವರೆಗೆ ಪ್ಯಾಂಗಾಂಗ್ ಸರೋವರದ ಕಡೆ ಕಾವಲಿದ್ದ ನಮ್ಮ ಸೈನಿಕರ ಕಣ್ಣಿಗೆ ಎರಡು ಬೆಳಕುಗಳು ಬೀಳುತ್ತಿದ್ದವು. ಒಂದು ಸಂಜೆ ಕಾಣಿಸಿಕೊಂಡು ರಾತ್ರಿಯಿಡೀ ಇರುತ್ತಿತ್ತು. ಇನ್ನೊಂದು ಬೆಳಗಿನ ಜಾವ ಬಂದು ಹೊತ್ತೇರುವವರೆಗೂ ಇರುತ್ತಿತ್ತು. ಗಡಿಯಾಚೆಯಿಂದ ಬರುವ ಡ್ರೋನ್ ಇರಬೇಕೆಂದು ಸೈನಿಕರು ಒಂದೊಂದನ್ನೂ ದಾಖಲಿಸಿದರು. ಆಗ ಪತ್ರಿಕೆಗಳಲ್ಲಿ ಬಂದ ಲೆಕ್ಕದಂತೆ ಒಟ್ಟು 329 ದಾಖಲೆ, ಅದರಲ್ಲಿ 155 ಸಲ ವಾಸ್ತವ ನಿಯಂತ್ರಣ ರೇಖೆ ದಾಟಿ ಬಂದಂತೆ. ಕೊನೆಗೆ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯನ್ನು ಕೇಳಲಾಯಿತು. ಆ ಸಂಸ್ಥೆಗೆ ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, ವೀಕ್ಷಣಾಲಯವೇ ಇದೆ. ಖಗೋಳಜ್ಞರು ಹಿಡಿದ ಪ್ರಶ್ನೆ ಸರಳ: ಈ ಬೆಳಕು ನೆಲಕ್ಕೆ ಸೇರಿದ್ದೋ, ಆಕಾಶಕ್ಕೆ ಸೇರಿದ್ದೋ? ನಕ್ಷತ್ರಗಳು ಸರಿಯುವ ಹಾಗೇ ಸರಿಯುತ್ತದೆಯೋ, ಇಲ್ಲವೋ? ಉತ್ತರ ಬಂತು. ಸಂಜೆಯದ್ದು ಗುರು ಗ್ರಹ, ಬೆಳಗಿನ ಜಾವದ್ದು ಶುಕ್ರ, ಅಂದರೆ ನಮ್ಮ ಬೆಳ್ಳಿ ಚುಕ್ಕಿ.

ಇದನ್ನು ಕೇಳಿ ನಗುವವರಿದ್ದಾರೆ. ನಗಬೇಕಾಗಿಲ್ಲ. ಆ ಸೈನಿಕರು ಕಂಡದ್ದನ್ನು ತಪ್ಪದೆ ಬರೆದಿಟ್ಟರು. ಆ ದಾಖಲೆ ಇದ್ದದ್ದರಿಂದಲೇ ಬೆಳಕಿನ ಗುರುತು ಸಿಕ್ಕಿತು. ತಪ್ಪಿದ್ದು ಒಂದೇ ಕಡೆ. ಬೆಳಕು ಕಂಡ ದಿಕ್ಕನ್ನು ಕಣ್ಣು ಹೇಳಿತ್ತು, ದೂರವನ್ನು ಮನಸ್ಸು ಸೇರಿಸಿತ್ತು. ‘ರೇಖೆ ದಾಟಿ ಬಂತು’ ಎಂಬುದರಲ್ಲಿ ಆಗಲೇ ದೂರದ ಅಂದಾಜು ಸೇರಿಹೋಗಿದೆ. ಕೋಟಿಗಟ್ಟಲೆ ಕಿಲೋಮೀಟರ್ ಆಚೆಯ ಗ್ರಹ ಎದುರು ಗುಡ್ಡದ ಈಚೆಗೆ ಬಂದು ಕೂತದ್ದು ಹೀಗೆ.

ಇವತ್ತಿನ ಮಾತೆಲ್ಲ ಇದರ ಸುತ್ತಲೇ. ಕಂಡವರ ಹೇಳಿಕೆಯಿಂದ ಕಣ್ಣು ಕೊಟ್ಟದ್ದನ್ನೂ ಮನಸ್ಸು ಸೇರಿಸಿದ್ದನ್ನೂ ಬಿಡಿಸುವುದು ಹೇಗೆ, ಬಿಡಿಸಿದ ಮೇಲೆ ಯಾವುದರ ಜೊತೆ ತಾಳೆ ನೋಡಬೇಕು.

ಮೆಣಸಿನ ಕಾಳು, ಮುಷ್ಟಿ, ದಾರ

ರಾತ್ರಿ ಆಕಾಶದಲ್ಲಿ ಒಂಟಿ ಬೆಳಕು ಕಂಡಾಗ ಕಣ್ಣಿಗೆ ನಿಜವಾಗಿ ಸಿಗುವುದು ದಿಕ್ಕು, ದಿಗಂತದಿಂದ ಎಷ್ಟು ಡಿಗ್ರಿ ಮೇಲೆ ಎಂಬುದು, ಬಣ್ಣ, ಹೊಳಪು, ಎಷ್ಟು ಹೊತ್ತು ಇತ್ತು ಎಂಬುದು. ದೂರ ಸಿಗುವುದಿಲ್ಲ. ದೂರ ಗೊತ್ತಿಲ್ಲದ ಮೇಲೆ ಗಾತ್ರವೂ ಇಲ್ಲ, ವೇಗವೂ ಇಲ್ಲ. ಒಂದು ಲೆಕ್ಕ ನೋಡಿ. ತಲೆಯ ಮೇಲೆ 10 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ 250 ಮೀಟರ್ ಓಡುವ ವಿಮಾನ ಕಣ್ಣಿಗೆ ಸೆಕೆಂಡಿಗೆ 1.4 ಡಿಗ್ರಿಯಷ್ಟು ಸರಿಯುತ್ತದೆ. 410 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ 7.66 ಕಿ.ಮೀ. ಓಡುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸರಿಯುವುದು 1.1 ಡಿಗ್ರಿ. ನೂರು ಮೀಟರ್ ದೂರದಲ್ಲಿ ಸೆಕೆಂಡಿಗೆ ಎರಡೇ ಮೀಟರ್ ತೇಲುವ ಕಾಗದದ ಹಾರು ಲಾಟೀನೂ 1.1 ಡಿಗ್ರಿ. ಮೂರೂ ಒಂದೇ ನಡಿಗೆಯಲ್ಲಿ ಹೋಗುತ್ತಿರುವಂತೆ ಕಾಣುತ್ತವೆ. ‘ರಾಕೆಟ್ ವೇಗದಲ್ಲಿ ಹೋಯ್ತು’ ಎಂಬ ಮಾತನ್ನು ಬರೆದುಕೊಳ್ಳಿ, ಆದರೆ ಅದರ ಮೇಲೆ ಲೆಕ್ಕ ಕಟ್ಟಬೇಡಿ.

ಗಾತ್ರದ ವಿಷಯವಂತೂ ಕೇಳಲೇಬೇಡಿ. ‘ಊಟದ ತಟ್ಟೆಯಷ್ಟಿತ್ತು’ ಅನ್ನುತ್ತಾರೆ. ಎಷ್ಟು ದೂರದಲ್ಲಿಟ್ಟ ತಟ್ಟೆ? ಹುಣ್ಣಿಮೆ ಚಂದ್ರನ ಅಗಲ ಅರ್ಧ ಡಿಗ್ರಿ. ಕೈ ಪೂರ್ತಿ ಚಾಚಿ ಒಂದು ಕಾಳುಮೆಣಸು ಹಿಡಿದರೆ ಚಂದ್ರ ಅದರ ಹಿಂದೆ ಮುಚ್ಚಿಹೋಗುತ್ತಾನೆ. ಜನ ಇದನ್ನು ನಂಬುವುದಿಲ್ಲ, ಮಾಡಿ ತೋರಿಸಬೇಕು. ಆದ್ದರಿಂದ ಹೇಳಿಕೆ ಬರೆದುಕೊಳ್ಳಲು ಹೋಗುವಾಗ ಜೇಬಿನಲ್ಲಿ ನಾಲ್ಕು ಮೆಣಸಿನ ಕಾಳು, ಒಂದು ಬಟಾಣಿ, ಒಂದು ರೂಪಾಯಿ ನಾಣ್ಯ ಇರಲಿ. ‘ಚಾಚಿದ ಕೈಯಲ್ಲಿ ಯಾವುದು ಹಿಡಿದಿದ್ದರೆ ಅದು ಮುಚ್ಚಿಹೋಗುತ್ತಿತ್ತು?’ ಇದೊಂದೇ ಸರಿಯಾದ ಪ್ರಶ್ನೆ. ನಾಣ್ಯ ಎಂದರೆ ಸುಮಾರು 2 ಡಿಗ್ರಿ, ನಾಲ್ಕು ಚಂದ್ರರಷ್ಟು. ಅಷ್ಟು ದೊಡ್ಡದಾಗಿ ಕಾಣುವ ಬೆಳಕು ಅಪರೂಪ.

ಎತ್ತರಕ್ಕೆ ಮುಷ್ಟಿ ಸಾಕು. ಚಾಚಿದ ಕೈಯ ಮುಷ್ಟಿ ಹೆಚ್ಚುಕಡಿಮೆ 10 ಡಿಗ್ರಿ, ಕಿರುಬೆರಳು 1 ಡಿಗ್ರಿ. ದಿಗಂತದಿಂದ ನೆತ್ತಿಗೆ ಒಂಬತ್ತು ಮುಷ್ಟಿ. ‘ಆಕಾಶದ ನಡುಮಧ್ಯೆ ಇತ್ತು’ ಅಂದವರಿಂದ ಮುಷ್ಟಿ ಎಣಿಸಿದರೆ ಸಾಮಾನ್ಯವಾಗಿ ಮೂರೇ ಆಗುತ್ತದೆ, ನಾಲ್ಕೂವರೆ ಆಗುವುದಿಲ್ಲ. ಎಲ್ಲರೂ ಎತ್ತರವನ್ನು ಹೆಚ್ಚಾಗಿಯೇ ಹೇಳುತ್ತಾರೆ.

ಇನ್ನೂ ಕರಾರುವಾಕ್ಕಾಗಿ ಬೇಕಿದ್ದರೆ ಮಕ್ಕಳ ಕಂಪಾಸ್ ಬಾಕ್ಸಿನ ಕೋನಮಾಪಕ ತೆಗೆದುಕೊಳ್ಳಿ. ನೇರ ಅಂಚಿಗೆ ಎಳನೀರು ಕುಡಿಯುವ ಸ್ಟ್ರಾ ಅಂಟಿಸಿ. ನಡುವಿನ ತೂತಿಗೆ ಒಂದಡಿ ದಾರ ಕಟ್ಟಿ ತುದಿಗೊಂದು ನಟ್ಟು ನೇತುಬಿಡಿ. ಸ್ಟ್ರಾ ಮೂಲಕ ನೋಡಿದಾಗ ದಾರ ಯಾವ ಅಂಕಿಯ ಮೇಲೆ ಕೂರುತ್ತದೋ, ಅದಕ್ಕೂ 90ಕ್ಕೂ ಇರುವ ವ್ಯತ್ಯಾಸವೇ ಎತ್ತರ. ಇದರಲ್ಲಿ ಕೆಡುವುದು ಎರಡು ಕಡೆ. ಗಾಳಿಗೆ ನಟ್ಟು ತೂಗಾಡುತ್ತದೆ, ಅದಕ್ಕೆ ಸಣ್ಣ ನಟ್ಟು ಬೇಡ, ತೂಕದ್ದೇ ಇರಲಿ. ಅಂಕಿ ಓದಲು ಕೋನಮಾಪಕವನ್ನು ಕಣ್ಣಿನ ಹತ್ತಿರ ತರುವಾಗ ದಾರ ಜಾರುತ್ತದೆ. ಸ್ಟ್ರಾದಿಂದ ಕಣ್ಣು ತೆಗೆಯುವ ಮೊದಲೇ ಹೆಬ್ಬೆರಳಿನಿಂದ ದಾರ ಒತ್ತಿ ಹಿಡಿಯಬೇಕು. ದಿಕ್ಕಿಗೆ ಫೋನಿನ ದಿಕ್ಸೂಚಿ ಆದೀತು. ಆದರೆ ಕಬ್ಬಿಣದ ಗೇಟು, ಬೈಕು, ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತು ನೋಡಿದರೆ ಹತ್ತಿಪ್ಪತ್ತು ಡಿಗ್ರಿ ಸುಳ್ಳು ಹೇಳುತ್ತದೆ.

ಮೋಟಾರ್ ಮನೆ ಬಾಗಿಲಲ್ಲಿ

ನಮ್ಮ ಕಡೆ ರಾತ್ರಿ ಆಕಾಶದ ಕೆಳಗೆ ಹೆಚ್ಚು ಹೊತ್ತು ಇರುವವರು ತ್ರೀಫೇಸ್ ಕರೆಂಟು ಬಂದಾಗ ನೀರು ಹಾಯಿಸಲು ಹೋಗುವ ರೈತರು. ಅವರಲ್ಲೊಬ್ಬರ ಹೇಳಿಕೆ ತೆಗೆದುಕೊಳ್ಳುವಾಗ ಮಾತು ಹೇಗೆ ಸಾಗಬೇಕು ಎಂಬುದಕ್ಕೆ ಒಂದು ಮಾದರಿ ನೋಡೋಣ.

‘ಯಜಮಾನ್ರೇ, ಆವಾಗ ನೀವು ಎಲ್ಲಿ ನಿಂತಿದ್ರಿ?’

‘ಇಲ್ಲೇ, ಮೋಟಾರ್ ಮನೆ ಬಾಗ್ಲಲ್ಲಿ.’

‘ಅಲ್ಲೇ ನಿಂತ್ಕೊಂಡು ಕೈ ತೋರ್ಸಿ.’

‘ಅಗೋ, ಆ ತೆಂಗಿನ ಮರದ ತಲೆ ಮೇಲೆ. ಊಟದ ತಟ್ಟೆಯಷ್ಟಿತ್ತು ಸ್ವಾಮಿ.’

‘ಕೈ ಚಾಚಿ ಈ ಕಾಳು ಹಿಡೀರಿ. ಇದ್ರಲ್ಲಿ ಮುಚ್ಚೋಗ್ತಿತ್ತಾ, ಇನ್ನೂ ದೊಡ್ಡದಿತ್ತಾ?’

‘ಅಯ್ಯೋ, ಇದ್ರಲ್ಲೇ ಮುಚ್ಚೋಗ್ತಿತ್ತು ಬಿಡಿ.’

‘ಆಮೇಲೆ?’

‘ಹೋಗಿ ನೀರು ತಿರುಗಿಸಿ ಬಂದೆ. ಬರೋಷ್ಟರಲ್ಲಿ ಗರಿ ಸಂದೀಲಿ ಮಿಣಕ್ ಮಿಣಕ್ ಅಂತಿತ್ತು. ಇಳ್ದು ಬಂದು ಮರದಲ್ಲಿ ಕೂತ್ಕಂಡಂಗೆ.’

‘ನೀರು ತಿರುಗ್ಸೋಕೆ ಎಷ್ಟು ಹೊತ್ತು?’

‘ಒಂದರ್ಧ ಗಂಟೆ.’

ಈಗ ಅಳತೆ. ಬಾಗಿಲಿನಿಂದ ಮರಕ್ಕೆ 30 ಹೆಜ್ಜೆ, ಅಂದರೆ 22 ಮೀಟರ್ ಆಸುಪಾಸು. ಮರ 12 ಮೀಟರ್ ಎತ್ತರ, ಕಣ್ಣಿನ ಮಟ್ಟ ಕಳೆದರೆ 10.5. ಮರದ ತುದಿ ಸುಮಾರು 25 ಡಿಗ್ರಿ ಮೇಲಿದೆ. ದಿಕ್ಕು ಪಶ್ಚಿಮ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಅರ್ಧ ಗಂಟೆಗೆ ಏಳೂವರೆ. ನಮ್ಮ ಅಕ್ಷಾಂಶದಲ್ಲಿ ಪಶ್ಚಿಮದ ಚುಕ್ಕಿಗಳು ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತವೆ. ಹಾಗಾಗಿ ಮರದ ತಲೆಯ ಮೇಲಿದ್ದದ್ದು ಅರ್ಧ ಗಂಟೆಯಲ್ಲಿ ಗರಿಗಳ ನಡುವೆ ಬರಲೇಬೇಕು. ‘ಮಿಣಕ್ ಮಿಣಕ್’ ಎಂಬುದಕ್ಕೆ ಗಾಳಿಗೆ ಆಡುವ ಗರಿಗಳೇ ಸಾಕು. ಇನ್ನು ಉಳಿಯುವುದು ಆ ದಿನ ಆ ಹೊತ್ತಿಗೆ ಪಶ್ಚಿಮದಲ್ಲಿ 25 ಡಿಗ್ರಿ ಎತ್ತರದಲ್ಲಿ ಬೆಳ್ಳಿ ಇತ್ತೇ ಎಂಬ ಪ್ರಶ್ನೆ. ಸ್ಟೆಲ್ಲೇರಿಯಂ ಎಂಬ ಉಚಿತ ತಂತ್ರಾಂಶದಲ್ಲಿ ಊರು, ದಿನಾಂಕ, ಸಮಯ ಹಾಕಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಯಜಮಾನರು ಹೇಳಿದ್ದರಲ್ಲಿ ತಟ್ಟೆಯೊಂದನ್ನು ಬಿಟ್ಟರೆ ಎಲ್ಲವೂ ಸರಿಯಾಗಿತ್ತು. ‘ಇಳಿದು ಬಂದು ಮರದಲ್ಲಿ ಕೂತಿತು’ ಎಂಬುದೂ ಕಣ್ಣಿಗೆ ಕಂಡ ಮಟ್ಟಿಗೆ ನಿಜ. ಪ್ರಶ್ನೆ ಕೇಳಿದ ರೀತಿಯನ್ನೂ ಗಮನಿಸಿ. ‘ಬಲಕ್ಕೆ ಹೋಯ್ತಾ?’ ‘ಸುತ್ತುತ್ತಿತ್ತಾ?’ ಎಂದು ಕೇಳಬಾರದು. ಕೇಳಿದರೆ ‘ಹೌದು’ ಬರುತ್ತದೆ. ‘ಆಮೇಲೆ?’ ಎಂಬುದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ.

ಗಡಿಯಾರದ ಸಮಯ ಯಾರೂ ನೋಡಿರುವುದಿಲ್ಲ. ಅದಕ್ಕೆ ಗೂಟಗಳು ಬೇಕು: ಕರೆಂಟು ಬರುವ ಮುಂಚೆಯೋ ಆಮೇಲೋ, ಕೊನೇ ಬಸ್ಸು ಹೋಗಿತ್ತೋ, ಯಾವ ಧಾರಾವಾಹಿ ನಡೆಯುತ್ತಿತ್ತು, ಆ ಹೊತ್ತಿಗೆ ಯಾರಿಗಾದರೂ ಫೋನ್ ಮಾಡಿದ್ದರೇ. ಫೋನಿನ ಕರೆ ಪಟ್ಟಿ ನಿಮಿಷದ ಲೆಕ್ಕದಲ್ಲಿ ಸಾಕ್ಷಿ ಹೇಳುತ್ತದೆ. ಎಷ್ಟು ಹೊತ್ತು ಕಂಡಿತು ಎಂಬುದಕ್ಕೆ ಅವರು ಕಣ್ಣು ಮುಚ್ಚಿ ಇಡೀ ಘಟನೆಯನ್ನು ಮನಸ್ಸಿನಲ್ಲಿ ಓಡಿಸಿಕೊಂಡು ‘ಶುರು’, ‘ಮುಗೀತು’ ಅನ್ನಲಿ, ನೀವು ಸ್ಟಾಪ್‌ವಾಚ್ ಒತ್ತಿ. ‘ಹತ್ತು ನಿಮಿಷ’ ಅಂದದ್ದು ಎಷ್ಟೋ ಸಲ ಒಂದೂವರೆ ನಿಮಿಷಕ್ಕೆ ಮುಗಿದುಹೋಗುತ್ತದೆ.

ದಿನಾಂಕವೂ ಜಾರುತ್ತದೆ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್, ಅಲ್ಲಿನ ಜಾರ್ಜಿಯಾ ರಾಜ್ಯದ ಲಿಯರಿ ಎಂಬ ಊರಿನಲ್ಲಿ ಪಶ್ಚಿಮದ ಆಕಾಶದಲ್ಲಿ ವಿಚಿತ್ರ ಬೆಳಕು ಕಂಡದ್ದಾಗಿ 1973ರಲ್ಲಿ ಬರೆದುಕೊಟ್ಟರು. 1969ರ ಅಕ್ಟೋಬರ್ ಎಂದು ನಮೂದಿಸಿದ್ದರು. ಅವರು ಅಲ್ಲಿ ಲಯನ್ಸ್ ಕ್ಲಬ್ಬಿನಲ್ಲಿ ಮಾತನಾಡಿದ ದಿನವನ್ನು ಹುಡುಕಿದಾಗ ಅದು 1969ರ ಜನವರಿ 6 ಎಂದು ತಿಳಿಯಿತು. ಅಕ್ಟೋಬರಿನ ಆಕಾಶದಲ್ಲಿ ಹುಡುಕಿದವರಿಗೆ ಏನೂ ಸಿಗುವಂತಿರಲಿಲ್ಲ. ಜನವರಿಯಲ್ಲಿ ಶುಕ್ರ ಅದೇ ದಿಕ್ಕಿನಲ್ಲಿ ಜ್ವಲಿಸುತ್ತಿತ್ತು. ಕಾರ್ಟರ್ ಈ ವಿವರಣೆಯನ್ನು ಒಪ್ಪಲಿಲ್ಲ. ಪ್ರಯೋಗಕ್ಕಾಗಿ ರಾಕೆಟ್ಟಿನಿಂದ ಚೆಲ್ಲಿದ ಬೇರಿಯಂ ಮೋಡ ಅದು ಎನ್ನುವವರೂ ಇದ್ದಾರೆ. ಏನೇ ಇರಲಿ, ದಿನಾಂಕ ಸರಿಪಡಿಸುವವರೆಗೆ ಚರ್ಚೆಗೆ ನೆಲೆಯೇ ಇರಲಿಲ್ಲ.

ಸಾಕ್ಷಿಗಳು ಇಬ್ಬರಿಗಿಂತ ಹೆಚ್ಚಿದ್ದರೆ ಬೇರೆ ಬೇರೆ ಕೂರಿಸಿ, ಮಾತಿಗಿಂತ ಮೊದಲು ಚಿತ್ರ ಬರೆಸಿ. ಚಹಾ ಅಂಗಡಿಯಲ್ಲಿ ಒಂದು ದಿನ ಕಳೆದರೆ ಹತ್ತು ಹೇಳಿಕೆ ಒಂದೇ ಹೇಳಿಕೆಯಾಗಿರುತ್ತದೆ.

ಇಲ್ಲದ ಕಿಟಕಿಗಳು

ಮನಸ್ಸು ಎಷ್ಟರಮಟ್ಟಿಗೆ ಸೇರಿಸಬಲ್ಲದು ಎಂಬುದಕ್ಕೆ 1968ರ ಮಾರ್ಚ್ 3ರ ರಾತ್ರಿಗಿಂತ ಒಳ್ಳೆಯ ದಾಖಲೆ ಇಲ್ಲ. ಹಿಂದಿನ ದಿನ ಸೋವಿಯತ್ ಒಕ್ಕೂಟ ಹಾರಿಸಿದ್ದ ಜೋಂಡ್ 4 ನೌಕೆಯ ರಾಕೆಟ್ ಚೂರುಗಳು ವಾತಾವರಣಕ್ಕೆ ಮರಳಿ ಅಮೆರಿಕದ ಹಲವು ರಾಜ್ಯಗಳ ಮೇಲೆ ಉರಿದು ಹೋದವು. ಹೆಚ್ಚಿನವರು ಸಾಲಾಗಿ ಸಾಗುವ ಉರಿಯುವ ಚೂರುಗಳನ್ನು ಕಂಡರು, ಹಾಗೆಂದೇ ಬರೆದರು. ಕೆಲವರು ಮಾತ್ರ ಸಿಗಾರ್ ಆಕಾರದ ನೌಕೆ, ಅದರ ಪಕ್ಕದಲ್ಲಿ ಬೆಳಕು ಚೆಲ್ಲುವ ಚೌಕ ಕಿಟಕಿಗಳು ಎಂದು ಬರೆದರು. ಲೋಹದ ಹಾಳೆಗಳನ್ನು ರಿವೆಟ್ ಹೊಡೆದು ಜೋಡಿಸಿದಂತಿತ್ತು ಎಂಬ ವಿವರವೂ ಬಂತು. ಆ ರಾತ್ರಿ ಅಲ್ಲಿ ನೌಕೆಯೇ ಇರಲಿಲ್ಲ, ನೂರಾರು ಕಿಲೋಮೀಟರ್ ದೂರದಲ್ಲಿ ಬಿಡಿ ಬಿಡಿ ಬೆಂಕಿಯ ಚುಕ್ಕೆಗಳಿದ್ದವು. ಗುರುತಾಗದ ಹಾರುವ ವಸ್ತುಗಳ ಬಗ್ಗೆ ಕೊಲರಾಡೊ ವಿಶ್ವವಿದ್ಯಾಲಯ ನಡೆಸಿದ ಅಧ್ಯಯನದ ತಂಡಕ್ಕಾಗಿ ಇದನ್ನು ಪರಿಶೀಲಿಸಿದ ಖಗೋಳಜ್ಞ ವಿಲಿಯಂ ಹಾರ್ಟ್‌ಮನ್ ಇದರಲ್ಲಿ ಒಂದು ನಿಯಮ ಕಂಡರು: ಕತ್ತಲಲ್ಲಿ ಒಟ್ಟಿಗೆ ಚಲಿಸುವ ಬೆಳಕುಗಳ ನಡುವಿನ ಜಾಗವನ್ನು ಮನಸ್ಸು ಒಂದು ಘನ ಒಡಲಿನಿಂದ ತುಂಬಿಬಿಡುತ್ತದೆ. ಇನ್ನೊಂದು ಮಾತನ್ನೂ ಅವರು ಗುರುತಿಸಿದರು. ಅತಿ ಹೆಚ್ಚು ವಿವರ, ಉತ್ಸಾಹ ತುಂಬಿದ ಹೇಳಿಕೆಗಳೇ ವಾಸ್ತವದಿಂದ ಹೆಚ್ಚು ದೂರವಿದ್ದವು. ತನಿಖೆ ಮಾಡುವವರಿಗೆ ಇದು ಕಹಿ ಮಾತು, ಏಕೆಂದರೆ ನಮ್ಮನ್ನು ಸೆಳೆಯುವುದು ಅಂಥ ಹೇಳಿಕೆಗಳೇ.

ಹೀಗಾಗಿ ತ್ರಿಕೋನಾಕಾರದ ನೌಕೆ ಎಂದವರನ್ನು ಒಂದು ಮಾತು ಕೇಳಲೇಬೇಕು: ಬೆಳಕುಗಳ ನಡುವೆ ನಕ್ಷತ್ರ ಕಾಣುತ್ತಿತ್ತೇ, ಮರೆಯಾಗುತ್ತಿತ್ತೇ? ಒಡಲು ಇದ್ದಿದ್ದರೆ ನಕ್ಷತ್ರಗಳು ಒಂದೊಂದಾಗಿ ಆರಿ ಮತ್ತೆ ಹೊತ್ತಿಕೊಳ್ಳಬೇಕಿತ್ತು.

‘ಅದು ಅತ್ತಿತ್ತ ಓಲಾಡುತ್ತಿತ್ತು’ ಎಂಬುದು ಇನ್ನೊಂದು ಸಾಮಾನ್ಯ ಮಾತು. ಕತ್ತಲಲ್ಲಿ ಆಧಾರವಿಲ್ಲದ ಒಂಟಿ ಚುಕ್ಕೆಯನ್ನು ದಿಟ್ಟಿಸಿದರೆ ಅದು ಅಲುಗಾಡಿದಂತೆ ಕಾಣುತ್ತದೆ. 1799ರಲ್ಲಿ ಹಂಬೋಲ್ಟ್‌ನಂಥ ವಿಜ್ಞಾನಿಯೇ ನಕ್ಷತ್ರಗಳು ತೂಗಾಡುವುದನ್ನು ಕಂಡು ಅದು ವಾಯುಮಂಡಲದ ಕೆಲಸ ಎಂದುಕೊಂಡಿದ್ದ. ಓಲಾಟ ನೋಡುವವರ ಕಣ್ಣಿನದು ಎಂದು ತಿಳಿದದ್ದು ಆಮೇಲೆ. ಪರೀಕ್ಷೆ ಸುಲಭ. ಕಂಬಕ್ಕೋ ಗೋಡೆಯ ಮೂಲೆಗೋ ತಲೆ ಆನಿಸಿ, ಬೆಳಕನ್ನು ಅದರ ಅಂಚಿಗೆ ತಾಗಿಸಿ ಒಂದು ನಿಮಿಷ ನೋಡಿ. ಅಂಚಿನಿಂದ ಕದಲದಿದ್ದರೆ ಓಲಾಡುತ್ತಿಲ್ಲ. ದಿಗಂತದ ಹತ್ತಿರ ಕೆಂಪು, ಹಸಿರು, ನೀಲಿ ಮಿನುಗಿದರೆ ಮೊದಲು ಲುಬ್ಧಕ ನಕ್ಷತ್ರವನ್ನು ಅನುಮಾನಿಸಿ.

ಜರಡಿ

ಅಳತೆಗಳು ಕೈಯಲ್ಲಿದ್ದರೆ ಸೋಸುವ ಕೆಲಸ ಬೇಗ ಮುಗಿಯುತ್ತದೆ. ಮೊದಲು ಅವಧಿ. ಒಂದೆರಡು ಸೆಕೆಂಡಿನಲ್ಲಿ ಗೀರೆಳೆದು ಹೋದರೆ ಉಲ್ಕೆ. ಒಂದೆರಡು ನಿಮಿಷ ನಿಧಾನವಾಗಿ, ಒಂದೇ ನೇರದಲ್ಲಿ ಹಲವು ಚೂರುಗಳಾಗಿ ಉರಿಯುತ್ತ ಹೋದರೆ ಮರಳಿ ಬೀಳುತ್ತಿರುವ ರಾಕೆಟ್ ಅಥವಾ ಉಪಗ್ರಹದ ಭಾಗ. 2022ರ ಏಪ್ರಿಲ್ 2, ಯುಗಾದಿಯ ಸಂಜೆ, ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತಿನ ಜನ ಕಂಡದ್ದು ಇಂಥದ್ದನ್ನೇ. ಚೀನಾದ ಲಾಂಗ್ ಮಾರ್ಚ್ 3ಬಿ ರಾಕೆಟ್ಟಿನ ಒಂದು ಹಂತ ಅದು. ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನಲ್ಲಿ ಸುಮಾರು 3 ಮೀಟರ್ ಅಗಲದ ಲೋಹದ ಬಳೆಯೇ ನೆಲಕ್ಕೆ ಬಿತ್ತು.

ಮೂರರಿಂದ ಆರು ನಿಮಿಷ, ಮಿಟುಕದೆ, ಸದ್ದಿಲ್ಲದೆ, ಒಂದೇ ಹದದಲ್ಲಿ ಆಕಾಶ ದಾಟಿದರೆ ಉಪಗ್ರಹ. ಇಲ್ಲಿ ನೆರಳಿನ ಲೆಕ್ಕ ಬಹಳ ಉಪಯುಕ್ತ. ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ, ಬಿಸಿಲು ತಾಗಿದರಷ್ಟೇ ಕಾಣುತ್ತದೆ. 400 ಕಿ.ಮೀ. ಎತ್ತರದಲ್ಲಿ ನೆತ್ತಿಯ ಮೇಲಿರುವ ವಸ್ತುವಿಗೆ ಬಿಸಿಲು ತಪ್ಪುವುದು ಸೂರ್ಯ ದಿಗಂತದಿಂದ ಸುಮಾರು 20 ಡಿಗ್ರಿ ಕೆಳಗಿಳಿದಾಗ. ಕರ್ನಾಟಕದಲ್ಲಿ ಅದು ಸೂರ್ಯಾಸ್ತವಾಗಿ ಹೆಚ್ಚುಕಡಿಮೆ ಒಂದು ಗಂಟೆ 25 ನಿಮಿಷಕ್ಕೆ. ಆದ್ದರಿಂದ ಸಂಜೆಯ ಉಪಗ್ರಹ ಪೂರ್ವದ ಕಡೆ ಹೋಗುತ್ತ ಮಧ್ಯದಾರಿಯಲ್ಲೇ ಆರಿಹೋಗುತ್ತದೆ. ಜನ ಹೇಳುವ ‘ನೋಡ್ತಾ ನೋಡ್ತಾ ಮಾಯ ಆಯ್ತು’ ಇದೇ. ಬೆಳಗಿನ ಜಾವ ಇದು ತಿರುಗುಮುರುಗು, ಪಶ್ಚಿಮದ ಆಕಾಶದಲ್ಲಿ ಇಲ್ಲದ ಕಡೆ ಹೊತ್ತಿಕೊಳ್ಳುತ್ತದೆ. ಬಾಹ್ಯಾಕಾಶ ನಿಲ್ದಾಣ ನಮ್ಮ ಮೇಲೆ ಹಾಯುವುದು ನೈಋತ್ಯದಿಂದ ಈಶಾನ್ಯಕ್ಕೆ, ಇಲ್ಲವೇ ವಾಯವ್ಯದಿಂದ ಆಗ್ನೇಯಕ್ಕೆ. ಪಶ್ಚಿಮಕ್ಕೆ ಹೋಗುವ ಬೆಳಕನ್ನು ನಿಲ್ದಾಣ ಎಂದು ಬರೆದುಬಿಟ್ಟರೆ ತಪ್ಪು ನಮ್ಮದು. ಮಣಿ ಪೋಣಿಸಿದಂತೆ ಸಾಲು ಹೋದದ್ದಾದರೆ ಸ್ಟಾರ್‌ಲಿಂಕ್. 2019ರ ಮೇನಲ್ಲಿ ಮೊದಲ 60 ಉಪಗ್ರಹಗಳು ಹಾರಿದಾಗಿನಿಂದ ಇಂಥ ಹೇಳಿಕೆಗಳಿಗೆ ಲೆಕ್ಕವಿಲ್ಲ. ಉಡಾವಣೆಯಾದ ಕೆಲವು ದಿನ ಮಾತ್ರ ಸಾಲು ಒತ್ತಾಗಿರುತ್ತದೆ, ಆಮೇಲೆ ಚದುರುತ್ತದೆ. ಹಿಂದಿನ ದಿನಗಳ ಹಾದಿಯನ್ನು ಹೆವನ್ಸ್ ಅಬೋವ್ ತಾಣದಲ್ಲಿ ನೋಡಬಹುದು.

ಹತ್ತಾರು ನಿಮಿಷ ಒಂದೇ ಕಡೆ ನಿಂತಂತಿದ್ದು ಆಮೇಲೆ ಸರಿದದ್ದು? ವಿಮಾನ ನಿಮ್ಮ ಕಡೆಗೇ ಬರುತ್ತಿದ್ದರೆ ಅದರ ಇಳಿಯುವ ದೀಪ ಹಲವು ನಿಮಿಷ ಕದಲದೆ ಹೊಳೆಯುತ್ತದೆ. ದೇವನಹಳ್ಳಿಯ ಆಸುಪಾಸಿನವರು ಸಂಜೆಯಾದರೆ ಮೂರು ನಾಲ್ಕು ದೀಪ ಒಂದರ ಹಿಂದೊಂದು ತೂಗುಬಿದ್ದಿರುವುದನ್ನು ದಿನಾ ನೋಡುತ್ತಾರೆ. ವಿಮಾನ ತಿರುಗಿದ ಕ್ಷಣ ದೀಪ ಆರಿದಂತಾಗಿ ಎಡ ರೆಕ್ಕೆಯ ಕೆಂಪು, ಬಲ ರೆಕ್ಕೆಯ ಹಸಿರು, ಮಿಂಚುವ ಬಿಳಿ ದೀಪ ಕಾಣುತ್ತವೆ. ‘ಬಣ್ಣ ಬದಲಾಯಿಸಿ ಓಡಿಹೋಯ್ತು’ ಎಂಬ ಹೇಳಿಕೆ ಹುಟ್ಟುವುದು ಇಲ್ಲಿ. ಫ್ಲೈಟ್‌ರಾಡಾರ್24ರಲ್ಲಿ ಹಳೆಯ ಹಾರಾಟ ತಿರುಗಿಸಿ ನೋಡಬಹುದು. ದುಡ್ಡು ಕೊಡದವರಿಗೆ ಕೆಲವೇ ದಿನಗಳದ್ದು ಸಿಗುತ್ತದೆ, ತಡಮಾಡಬೇಡಿ. ಸೇನೆಯ ವಿಮಾನಗಳು ಅದರಲ್ಲಿ ಬಹಳ ಸಲ ಇರುವುದಿಲ್ಲ ಎಂಬುದೂ ನೆನಪಿರಲಿ. ಸದ್ದಿನ ಬಗ್ಗೆ ಒಂದು ಮಾತು: 10 ಕಿ.ಮೀ. ಮೇಲಿನ ಸದ್ದು ಕೆಳಗೆ ಬರಲು 30 ಸೆಕೆಂಡ್ ಬೇಕು. ಬೆಳಕು ಹೋದ ದಿಕ್ಕಿಗೂ ಸದ್ದು ಬಂದ ದಿಕ್ಕಿಗೂ ತಾಳೆಯಾಗದಿದ್ದರೆ ಗಾಬರಿ ಬೇಡ.

ಕಲ್ಯಾಣ ಕರ್ನಾಟಕದವರಿಗೆ ಇನ್ನೊಂದು ಸಾಧ್ಯತೆ ಇದೆ. ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನ್ ಕೇಂದ್ರವಿದೆ. ಚಳಿಗಾಲದಿಂದ ಬೇಸಿಗೆಯವರೆಗೆ ಸಾಮಾನ್ಯವಾಗಿ ರಾತ್ರಿ ಅಥವಾ ಬೆಳಗಿನ ಜಾವ ಭಾರಿ ಪಾಲಿಥೀನ್ ಬಲೂನುಗಳನ್ನು ಹಾರಿಸುತ್ತಾರೆ, 30ರಿಂದ 40 ಕಿ.ಮೀ. ಎತ್ತರಕ್ಕೆ. ಆ ಎತ್ತರದಲ್ಲಿ ಸೂರ್ಯ ನಮಗಿಂತ ಸುಮಾರು 25 ನಿಮಿಷ ಮೊದಲೇ ಮೂಡಿರುತ್ತಾನೆ. ಕೆಳಗೆ ಇನ್ನೂ ಮಬ್ಬಿರುವಾಗ ಮೇಲೊಂದು ಬಿಳಿ ಗುಂಡು ಕದಲದೆ ಹೊಳೆಯುತ್ತದೆ. 2025ರ ಜನವರಿಯಲ್ಲಿ ಇಂಥದ್ದೊಂದು ಬಲೂನು ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಮನೆಯ ಮೇಲೇ ಬಂದಿಳಿದಿತ್ತು.

ಮುಸ್ಸಂಜೆಯ ರಾಕೆಟ್ಟು ಮತ್ತೂ ಮೋಸ ಮಾಡುತ್ತದೆ. 2022ರ ಡಿಸೆಂಬರ್ 15ರಂದು ಸಂಜೆ 5.30ಕ್ಕೆ ಒಡಿಶಾ ತೀರದ ಅಬ್ದುಲ್ ಕಲಾಂ ದ್ವೀಪದಿಂದ ಅಗ್ನಿ-5 ಹಾರಿತು. ಪಶ್ಚಿಮ ಬಂಗಾಳ, ಒಡಿಶಾದುದ್ದಕ್ಕೂ ಜನ ಆಕಾಶದಲ್ಲಿ ಟಾರ್ಚ್ ಬಿಟ್ಟಂಥ ಬೆಳಕು ಕಂಡರು. ಕೋಲ್ಕತ್ತದಲ್ಲಿ ಆ ದಿನಗಳಲ್ಲಿ ಸೂರ್ಯ 5 ಗಂಟೆಗೆ ಮುಂಚೆಯೇ ಮುಳುಗಿರುತ್ತಾನೆ. ನೆಲದಲ್ಲಿ ಕತ್ತಲು, ನೂರಾರು ಕಿ.ಮೀ. ಮೇಲೆ ಬಿಸಿಲು. ಗಾಳಿಯೇ ಇಲ್ಲದ ಕಡೆ ರಾಕೆಟ್ಟಿನ ಹೊಗೆ ಬೀಸಣಿಗೆಯಂತೆ ಹರಡಿ ಬಿಸಿಲಿಗೆ ಬೆಳಗುತ್ತದೆ. ರಾಕೆಟ್ಟು ಗಿರಗಿರ ತಿರುಗುತ್ತ ಉಗುಳಿದರೆ ಅದೇ ಸುರುಳಿಯಾಗುತ್ತದೆ. 2009ರ ಡಿಸೆಂಬರ್ 9ರಂದು ಉತ್ತರ ನಾರ್ವೆಯವರು ಕಂಡ ಭಾರಿ ಸುರುಳಿ, ಬಿಳಿ ಸಮುದ್ರದ ಜಲಾಂತರ್ಗಾಮಿಯಿಂದ ಹಾರಿ ಮೂರನೇ ಹಂತದಲ್ಲಿ ಕೆಟ್ಟ ರಷ್ಯಾದ ಬುಲಾವಾ ಕ್ಷಿಪಣಿಯದು.

ಫೋನಿನ ವಿಡಿಯೊ

ವಿಡಿಯೊ ಇದ್ದರೆ ಕೆಲಸ ಸುಲಭ ಎಂದುಕೊಳ್ಳುತ್ತೇವೆ. ಅದೇ ಹೆಚ್ಚು ದಾರಿ ತಪ್ಪಿಸುವುದು. ಜೂಮ್ ಮಾಡಿದೊಡನೆ ಫೋಕಸ್ ತಪ್ಪಿ ಚುಕ್ಕೆ ಅಗಲವಾದ ಬಿಲ್ಲೆಯಾಗುತ್ತದೆ, ಒಳಗೆ ಏನೋ ಹರಿದಾಡಿದಂತೆ ಕಾಣುತ್ತದೆ. ಬೀದಿದೀಪ ಚೌಕಟ್ಟಿನಲ್ಲಿದ್ದರೆ ಲೆನ್ಸಿನ ಒಳಗಿನ ಪ್ರತಿಫಲನ ಚೌಕಟ್ಟಿನ ನಡುಬಿಂದುವಿನ ಆಚೆ ಬದಿಗೆ, ಅಷ್ಟೇ ದೂರದಲ್ಲಿ, ಹಸಿರು ಇಲ್ಲವೇ ನೀಲಿ ಚುಕ್ಕೆಯಾಗಿ ಮೂಡುತ್ತದೆ. ಫೋನ್ ಅಲುಗಿದಾಗ ದೀಪಕ್ಕೆ ಎದುರಾಗಿ ಚಲಿಸಿದರೆ ಅದು ಲೆನ್ಸಿನದೇ. ತೆಗೆಯುವವರಿಗೆ ಹೇಳಬೇಕಾದದ್ದು: ಜೂಮ್ ಬೇಡ, ಫೋನನ್ನು ಗೋಡೆಗೆ ಒತ್ತಿ ಹಿಡಿಯಿರಿ, ಮರದ ತುದಿಯೋ ಮಾಳಿಗೆಯ ಅಂಚೋ ಚೌಕಟ್ಟಿನಲ್ಲಿರಲಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಕಳಿಸಿದರೆ ಅದು ಕುಗ್ಗಿ, ತೆಗೆದ ಸಮಯದ ಮಾಹಿತಿಯೂ ಹೋಗಿರುತ್ತದೆ. ಮೂಲ ಕಡತವನ್ನೇ ಕೇಳಿ ಪಡೆಯಿರಿ.

ಮರುದಿನ ಹಗಲಲ್ಲಿ ಅದೇ ಜಾಗದಲ್ಲಿ ನಿಂತು ಅದೇ ಚೌಕಟ್ಟಿನ ಫೋಟೊ ತೆಗೆದಿಟ್ಟುಕೊಳ್ಳಿ. ಅಮೆರಿಕದ ಫೀನಿಕ್ಸ್ ನಗರದಲ್ಲಿ 1997ರ ಮಾರ್ಚ್ 13ರ ರಾತ್ರಿ 10ರ ಸುಮಾರಿಗೆ ಸಾಲಾಗಿ ತೂಗುತ್ತಿದ್ದ ಬೆಳಕುಗಳು ಒಂದೊಂದಾಗಿ ಆರಿದವು. ವಿಡಿಯೊದ ಮೇಲೆ ಹಗಲಿನ ಚಿತ್ರ ಹೊಂದಿಸಿ ನೋಡಿದಾಗ, ಪ್ರತಿ ಬೆಳಕೂ ಆರಿದ ಜಾಗ ಎಸ್ಟ್ರೆಲಾ ಬೆಟ್ಟದ ಏಣಿನ ಮೇಲೇ ಬಿತ್ತು. ಬೆಟ್ಟದಾಚೆಯ ಸೇನಾ ವಲಯದಲ್ಲಿ ವಿಮಾನಗಳು ಪ್ಯಾರಾಚೂಟು ಕಟ್ಟಿ ಬಿಟ್ಟ ಬೆಳಕಿನ ಬಾಣಗಳು ಇಳಿಯುತ್ತ ಬೆಟ್ಟದ ಮರೆಗೆ ಸರಿದಿದ್ದವು. ಅದೇ ಸಂಜೆ 8ರ ನಂತರ ಕಂಡ ‘ವಿ’ ಆಕಾರದ ಬೆಳಕುಗಳ ಸಾಲು ಬೇರೆಯೇ ಘಟನೆ. ಎರಡನ್ನೂ ಒಂದು ಮಾಡಿ ಹೇಳುತ್ತ ಬಂದದ್ದರಿಂದಲೇ ಆ ಕತೆ ಇಷ್ಟು ಗೋಜಲಾಯಿತು.

ಉಳಿದವು

ಎಲ್ಲ ಸೋಸಿದ ಮೇಲೂ ಕೆಲವು ಉಳಿಯುತ್ತವೆ. ಅಮೆರಿಕದ ವಾಯುಸೇನೆ 1969ಕ್ಕೆ ಮುಚ್ಚಿದ ಬ್ಲೂ ಬುಕ್ ಯೋಜನೆಯ ಕಡತದಲ್ಲಿ ಆಕಾಶದಲ್ಲಿ ಕಂಡ ಇಂಥ ವಸ್ತುಗಳ 12,618 ವರದಿಗಳಿದ್ದವು, 701ಕ್ಕೆ ಗುರುತು ಸಿಗಲಿಲ್ಲ. ನಾರ್ವೆಯ ಹೆಸ್‌ಡಾಲೆನ್ ಕಣಿವೆಯಲ್ಲಿ 1981ರ ಕೊನೆಯಿಂದ ಬೆಳಕುಗಳು ಕಾಣತೊಡಗಿದಾಗ ಎರ್ಲಿಂಗ್ ಸ್ಟ್ರಾಂಡ್ ಮತ್ತು ಸಂಗಡಿಗರು 1984ರ ಚಳಿಗಾಲದಲ್ಲಿ ರಾಡಾರ್, ಕಾಂತಮಾಪಕ, ರೋಹಿತ ಹಿಡಿಯುವ ಕ್ಯಾಮೆರಾ ಹೂಡಿ ಕಾದರು. 1998ರಲ್ಲಿ ತಾನಾಗಿ ಚಿತ್ರ ತೆಗೆಯುವ ಠಾಣೆಯನ್ನೇ ಇಟ್ಟರು. ಅಲ್ಲಿನ ಹೇಳಿಕೆಗಳಲ್ಲಿ ವಾಹನ, ವಿಮಾನ, ಗ್ರಹ ಎಲ್ಲ ಇವೆ. ಅವನ್ನು ಕಳೆದ ಮೇಲೆ ಉಳಿದದ್ದಕ್ಕೆ ಎಲ್ಲರೂ ಒಪ್ಪುವ ವಿವರಣೆ ಇನ್ನೂ ಇಲ್ಲ.

ಗುರುತಾಗದಿದ್ದರೆ ಕಡತದ ಮೇಲೆ ‘ಗುರುತಾಗಿಲ್ಲ’ ಎಂದು ಬರೆದು, ಕೆಳಗೆ ಯಾವ ಅಳತೆ ಸಿಗಲಿಲ್ಲ ಎಂಬುದನ್ನೂ ಬರೆದಿಡಿ. ಕಡತ ಎಸೆಯಬೇಡಿ. 1996ರ ಡಿಸೆಂಬರ್ 11ರ ರಾತ್ರಿ ಎಂಟೂವರೆ ಸುಮಾರಿಗೆ ಕೆನಡಾದ ಯುಕಾನ್ ಪ್ರಾಂತ್ಯದಲ್ಲಿ, ಕ್ಲಾಂಡೈಕ್ ಹೆದ್ದಾರಿಯುದ್ದಕ್ಕೂ, ಹಲವು ಊರುಗಳವರು ಸಾಲು ಸಾಲು ಕಿಟಕಿಗಳ ಭಾರಿ ನೌಕೆ ಕಂಡರು. ಒಬ್ಬ ಎಂಜಿನಿಯರ್ ಸಾಕ್ಷಿಗಳನ್ನು ಹುಡುಕಿ, ಅವರು ನಿಂತ ಜಾಗಕ್ಕೇ ಕರೆದೊಯ್ದು, ದಿಕ್ಕು ಮತ್ತು ಎತ್ತರಗಳನ್ನು ಅಳೆದಿಟ್ಟ. ಬೇರೆ ಬೇರೆ ಊರಿನ ದೃಷ್ಟಿರೇಖೆಗಳನ್ನು ಕೂಡಿಸಿ ನೌಕೆ ಒಂದು ಕಿಲೋಮೀಟರಿನಷ್ಟು ದೊಡ್ಡದೆಂಬ ತೀರ್ಮಾನಕ್ಕೂ ಬಂದ. ತೀರ್ಮಾನ ತಪ್ಪಿತ್ತು, ಅಳತೆ ತಪ್ಪಿರಲಿಲ್ಲ. 2012ರಲ್ಲಿ, ಉಪಗ್ರಹಗಳ ಜಾಡು ಹಿಡಿಯುವ ಕೆನಡಾದ ಹವ್ಯಾಸಿ ಟೆಡ್ ಮೊಲ್ಜಾನ್ ಆ ದಿನದ ಉಡಾವಣೆಗಳ ಪಟ್ಟಿ ತೆಗೆದು ನೋಡಿದರು. ರಷ್ಯಾದ ಕಾಸ್ಮೋಸ್ 2335 ಅದೇ ದಿನ ಹಾರಿತ್ತು. ಅದರ ರಾಕೆಟ್ಟಿನ ಎರಡನೇ ಹಂತ ಯುಕಾನಿನ ಮೇಲೆ ಉರಿದು ಬಿದ್ದ ಹೊತ್ತು ಮತ್ತು ಹಾದಿ, ಹದಿನಾರು ವರ್ಷದ ಹಿಂದೆ ಬರೆದಿಟ್ಟ ಹೊತ್ತು ಮತ್ತು ದಿಕ್ಕಿನ ಜೊತೆ ಕೂಡಿಬಂತು.